ಗಡ್ಡ ಸಾಕು, ಆ ಮೊಣಕೈ ಬಗ್ಗೆ ಬರೆಯಿರಿ

ನಮಸ್ಕಾರ.

ಜಾನ್ ಅಬ್ರಹಾಂ ಅವರ ಕಪ್ಪು-ಬಿಳುಪು ಫೋಟೊ, ಅದರ ಮೇಲಿನ ನಿಮ್ಮ ಲೇಖನ, ಎರಡನ್ನೂ ನೋಡಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಕೈಬಿಡುವ ಬರಹವೂ ಅಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇವರು ಮಲಯಾಳಂ ನಿರ್ದೇಶಕ ಅಂತ ಶುರುವಿನಲ್ಲೇ ಹೇಳಿಬಿಡಿ. ಹೆಸರು ಕೇಳಿದ ಕೂಡಲೇ ನಮ್ಮ ಓದುಗರಿಗೆ ಬೈಕ್ ಓಡಿಸುವ ಹಿಂದಿ ನಟ ನೆನಪಾಗುತ್ತಾನೆ.

ಮೊದಲೆರಡು ಪುಟ ಪೂರ್ತಿ ಗಡ್ಡ, ಕೆದರಿದ ಕೂದಲು, ‘ಹುಚ್ಚು ಪ್ರತಿಭೆ’, ‘ಒಂಟಿ ಸಲಗ’. ಈ ಮಾತುಗಳನ್ನು ಯಾವ ಗಡ್ಡದ ನಿರ್ದೇಶಕನಿಗೆ ಬೇಕಾದರೂ ಅಂಟಿಸಬಹುದು, ಅಲ್ವಾ? 1987ರಲ್ಲಿ ಕೋಯಿಕ್ಕೋಡ್‌ನಲ್ಲಿ ಕಟ್ಟಡದ ಮೇಲಿಂದ ಬಿದ್ದು ತೀರಿಕೊಂಡದ್ದನ್ನೂ ನೀವು ಮುಖದಲ್ಲೇ ಓದಿಬಿಟ್ಟಿದ್ದೀರಿ: ‘ಕಣ್ಣಲ್ಲಿ ಸಾವಿನ ನೆರಳು’. ಫೋಟೊ ತೆಗೆದವರಿಗೆ ಅದು ಗೊತ್ತಿರಲಿಲ್ಲ. ಜಾನ್‌ಗೂ ಗೊತ್ತಿರಲಿಲ್ಲ. ಹೊಡೆದು ಹಾಕಿ.

ನಾಲ್ಕನೇ ಪುಟದಲ್ಲಿ ಸುಮ್ನೆ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ: ‘ಬಲಗಡೆ ಅಂಚಿನಲ್ಲಿ ಯಾರದೋ ಮೊಣಕೈ ಇದೆ.’ ಚಿತ್ರ ದೊಡ್ಡದು ಮಾಡಿ ನೋಡಿದೆ. ಮಡಚಿದ ತೋಳು, ಜಾನ್ ಭುಜಕ್ಕೆ ತಾಗಿಕೊಂಡೇ ಇದೆ. ಒತ್ತಿಕೊಂಡು ಕೂತವರ ಮೊಣಕೈ ಅದು. ನಿಮ್ಮ ಲೇಖನ ಇರುವುದು ಅಲ್ಲೇ.

ನೀವು ಒಂಟಿ ಸಲಗ ಅಂದವರು 1984ರಲ್ಲಿ ಗೆಳೆಯರ ಜೊತೆ ಒಡೆಸ್ಸ ಅನ್ನುವ ಸಿನಿಮಾ ತಂಡ ಕಟ್ಟಿದವರು. ಊರೂರು ತಿರುಗಿ, ಸಿನಿಮಾ ತೋರಿಸಿ, ಜನರಿಂದ ಚಿಲ್ಲರೆ ದುಡ್ಡು ಎತ್ತಿ 1986ರ ‘ಅಮ್ಮ ಅರಿಯಾನ್’ ಮಾಡಿದರು. ದುಡ್ಡು ಸುರಿಯುವ ನಿರ್ಮಾಪಕನೇ ಇರಲಿಲ್ಲ. ಮುಗಿದ ಮೇಲೆ ಅದನ್ನು ಮತ್ತೆ ಜನರ ಹತ್ತಿರವೇ ಒಯ್ದು ತೋರಿಸಿದರು. ಕತೆಯೂ ಅಂಥದ್ದೇ. ಯುವಕನೊಬ್ಬ ಸತ್ತ ಸುದ್ದಿಯನ್ನು ಅವನ ತಾಯಿಗೆ ಹೇಳಲು ಒಬ್ಬ ಹೊರಡುತ್ತಾನೆ. ದಾರಿಯಲ್ಲಿ ಒಬ್ಬೊಬ್ಬರೇ ಸೇರಿಕೊಳ್ಳುತ್ತಾರೆ. ತಾಯಿಯ ಮುಂದೆ ನಿಲ್ಲುವ ಹೊತ್ತಿಗೆ ಅದೊಂದು ಗುಂಪು. ಇಂಥವರ ಫೋಟೊದಲ್ಲಿ ಪಕ್ಕದವರ ಕೈ ಬರದಿದ್ದರೇ ಆಶ್ಚರ್ಯ.

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರುವ ಮುಂಚೆ ಜಾನ್ ಬಳ್ಳಾರಿಯ ಎಲ್‌ಐಸಿಯಲ್ಲಿ ಕೆಲಸಕ್ಕಿದ್ದರು. ಇದನ್ನು ಅಡಿಟಿಪ್ಪಣಿಗೆ ತಳ್ಳಿದ್ದೀರಲ್ಲ, ಯಾಕೆ? ಮೇಲಕ್ಕೆ ತನ್ನಿ. ಬಂಗಾಳಿ ನಿರ್ದೇಶಕ ಋತ್ವಿಕ್ ಘಟಕ್ ಅವರ ಶಿಷ್ಯ ಅನ್ನುವುದಕ್ಕೆ ಒಂದು ಸಾಲು ಸಾಕು, ಒಂದೂವರೆ ಪುಟ ಜಾಸ್ತಿಯಾಯಿತು. ಮತ್ತೆ, 1977ರ ‘ಅಗ್ರಹಾರತ್ತಿಲ್ ಕಳುದೈ’ ತಮಿಳು ಸಿನಿಮಾ. ಮಲಯಾಳಂ ಅಂತ ಬರೆದಿದ್ದೀರಿ, ತಿದ್ದಿಕೊಳ್ಳಿ.

ಫೋಟೊದ ಕೆಳಗೆ ‘ಅಂತರ್ಜಾಲ ಕೃಪೆ’ ಅಂತ ಹಾಕಿದ್ದೀರಿ. ಅಂತರ್ಜಾಲ ಕ್ಯಾಮೆರಾ ಹಿಡಿಯುವುದಿಲ್ಲ. ತೆಗೆದವರು ಯಾರು, ಯಾವ ವರ್ಷ, ಎಲ್ಲಿ ಅಂತ ಹುಡುಕಿ. ಅವರದೋ ಅವರ ಮನೆಯವರದೋ ಒಪ್ಪಿಗೆ ಇಲ್ಲದೆ ನಾವು ಅಚ್ಚು ಹಾಕುವುದಿಲ್ಲ. ಆ ಮೊಣಕೈ ಯಾರದು ಅಂತಲೂ ಅವರನ್ನೇ ಕೇಳಿ. ಎಂಟು ನೂರು ಪದದೊಳಗೆ ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.

ಸಂಪಾದಕ