ಜಿ-ಎಲ್ ಕಂಡಲ್ಲೆಲ್ಲ ಹೊಳಪೇ?

ಒಂದೇ ಅಕ್ಷರಗಳಿಂದ ಶುರುವಾಗುವ ಇಂಗ್ಲಿಷ್ ಪದಗಳ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಲ ಉತ್ತರ.

ಗ್ಲೋ, ಗ್ಲೀಮ್, ಗ್ಲಿಟರ್, ಗ್ಲಿಸನ್, ಗ್ಲಿಮರ್ – ನಿಘಂಟಿನಲ್ಲಿ ಎಲ್ಲಕ್ಕೂ ‘ಹೊಳೆ’ ಎಂದೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು?
– ಪಿಯು ವಿದ್ಯಾರ್ಥಿನಿ, ಶಿರಸಿ

ಹೊಳೆಯುತ್ತಿರುವುದು ಏನು ಎಂದು ಮೊದಲು ನೋಡಿ. ಕೆಂಡ, ಕಾದ ಕಬ್ಬಿಣ, ಮಿಂಚುಹುಳ ಉರಿಯಿಲ್ಲದೆ ತಾವೇ ಬೆಳಗುತ್ತವೆ, ಅದು ಗ್ಲೋ. ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಚೊಂಬಿನದು ಗ್ಲೀಮ್. ಜರಿ, ಚಮಕಿ, ಸಕ್ಕರೆ ಹರಳಿನಂತೆ ಬೆಳಕು ಚೂರುಚೂರಾಗಿ ಚಿಮ್ಮಿದರೆ ಗ್ಲಿಟರ್. ಗ್ಲಿಸನ್‌ಗೆ ಪಸೆ ಬೇಕು: ಬೆವರಿದ ಹಣೆ, ಎಣ್ಣೆ ಹಚ್ಚಿದ ತಲೆ, ಮಳೆ ನಿಂತ ಮೇಲಿನ ಡಾಂಬರು ರಸ್ತೆ. (ಇದನ್ನು ಬರೆಯುವಾಗ ನಡುವೆ ಟಿ ಇರುತ್ತದೆ, ಓದುವಾಗ ಇರುವುದಿಲ್ಲ.) ದೂರದ ಬುಡ್ಡಿದೀಪದ ಮಂಕು ಮಿಣುಕು ಗ್ಲಿಮರ್, ಆದ್ದರಿಂದಲೇ ಉಳಿದಿರುವ ಒಂದಿಷ್ಟು ಆಸೆಗೆ ‘ಗ್ಲಿಮರ್ ಆಫ್ ಹೋಪ್’ ಎನ್ನುತ್ತಾರೆ. ಚೂರಿಯ ಅಲಗು ತಿರುಗಿದಾಗ ಛಕ್ಕನೆ ಹೊಳೆದು ಮಾಯವಾಗುವುದು ಗ್ಲಿಂಟ್. ಎದುರಿನ ಲಾರಿಯ ಹೈಬೀಮ್ ಕಣ್ಣು ಕುಕ್ಕಿದರೆ ಗ್ಲೇರ್. ದುರುಗುಟ್ಟಿ ನೋಡುವುದಕ್ಕೂ ಅದೇ ಪದ. ಎದ್ದು ಕಾಣುವ ತಪ್ಪು ‘ಗ್ಲೇರಿಂಗ್ ಮಿಸ್ಟೇಕ್’.

ಪರೀಕ್ಷೆಯಲ್ಲಿ ಅಂಕ ಹೋಗುವುದು ಇವುಗಳಿಗಿಂತ ಗ್ಲಾನ್ಸ್, ಗ್ಲಿಂಪ್ಸ್‌ಗಳಲ್ಲಿ. ಗ್ಲಾನ್ಸ್ ಎಂದರೆ ನಾವಾಗಿ ಹಾಯಿಸುವ ನೋಟ. ಕ್ರಿಯಾಪದವಾದಾಗ ಅದರ ಮುಂದೆ ಸಾಮಾನ್ಯವಾಗಿ ‘ಆ್ಯಟ್’ ಬರುತ್ತದೆ. ಗ್ಲಿಂಪ್ಸ್ ಎಂದರೆ ಅರೆಕ್ಷಣ ಕಣ್ಣಿಗೆ ದಕ್ಕಿದ್ದು. ಅದಕ್ಕೆ ‘ಆ್ಯಟ್’ ಬೇಡ. ಗಡಿಯಾರದ ಕಡೆ ನಾವು ಗ್ಲಾನ್ಸ್ ಮಾಡುತ್ತೇವೆ; ಜಾತ್ರೆಯ ನೂಕುನುಗ್ಗಲಲ್ಲಿ ದೇವರ ಗ್ಲಿಂಪ್ಸ್ ಸಿಗುತ್ತದೆ.

ಹಾಗಾದರೆ ಜಿ-ಎಲ್ ಎಂಬ ಜೋಡಿಗೇ ‘ಹೊಳಪು’ ಎಂಬ ಅರ್ಥ ಇದೆ ಎನ್ನಬಹುದೇ?
– ಶಿಕ್ಷಕರು, ಚಿಂತಾಮಣಿ

ನಿಯಮ ಎನ್ನುವಂತಿಲ್ಲ. ಗ್ಲೂ ಎಂದರೆ ಅಂಟು, ಗ್ಲವ್ ಎಂದರೆ ಕೈಗವಸು, ಗ್ಲ್ಯಾಂಡ್ ಎಂದರೆ ಗ್ರಂಥಿ, ಗ್ಲಟ್ ಎಂದರೆ ಮಾರುಕಟ್ಟೆಗೆ ಮಾಲು ವಿಪರೀತ ಬಂದು ಬೀಳುವುದು. ಇವುಗಳಲ್ಲಿ ಹೊಳಪೆಲ್ಲಿ ಬಂತು? ಹಾಗೆಂದು ಬರೀ ಕಾಕತಾಳೀಯವೂ ಅಲ್ಲ. ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಭಾಷಾವಿಜ್ಞಾನಿ ಜೆ.ಆರ್. ಫರ್ತ್, ಹೀಗೆ ಒಂದು ಅರ್ಥದ ಸುತ್ತ ಗುಂಪುಗೂಡುವ ಧ್ವನಿಗಳಿಗೆ 1930ರಲ್ಲಿ ‘ಫೋನೆಸ್ತೀಮ್’ ಎಂದು ಹೆಸರಿಟ್ಟರು. ಒಂದು ಜಿ-ಎಲ್ ಪದ ಓದಿದ ತಕ್ಷಣ ಅದೇ ಗುಂಪಿನ ಇನ್ನೊಂದು ಪದ ಕೊಟ್ಟರೆ ಇಂಗ್ಲಿಷ್ ಮಾತೃಭಾಷೆಯವರು ಅದನ್ನು ಬೇಗ ಗುರುತಿಸುತ್ತಾರೆ ಎಂದು ಬೆಂಜಮಿನ್ ಬರ್ಗನ್ 2004ರಲ್ಲಿ ಪ್ರಯೋಗದಿಂದ ತೋರಿಸಿದರು.

ತರಗತಿಯಲ್ಲಿ ಇದನ್ನು ವಿವರಿಸಲು ಕನ್ನಡದ ‘ಮಿ’ ಸಾಕು. ಮಿಂಚು, ಮಿನುಗು, ಮಿಣುಕು, ಮಿರುಗು – ಎಲ್ಲ ಬೆಳಕಿನವೇ. ಆದರೆ ಮಿಡತೆ, ಮಿದುಳು, ಮಿತ? ಇಂಗ್ಲಿಷಿನ ಕಥೆಯೂ ಇಷ್ಟೇ.

ಒಂದೆರಡು ಪದ ಮೇಲ್ನೋಟಕ್ಕೆ ಮೋಸ ಮಾಡುತ್ತವೆ. ಸಂತೋಷ ಎಂಬರ್ಥದ ಗ್ಲ್ಯಾಡ್ ಈ ಹೊಳಪಿನ ಗುಂಪಿಗೆ ಹೊರಗಿನದೆಂದು ಕಾಣುತ್ತದೆ. ಆದರೆ ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಹೊಳೆಯುವ’ ಎಂಬ ಅರ್ಥವೂ ಇತ್ತು. ಗ್ಲಾಮರ್ ಒಳಗಿನದೆಂದು ಕಾಣುತ್ತದೆ. ಅದು ‘ಗ್ರಾಮರ್’ ಪದವೇ ಸ್ಕಾಟ್ಲೆಂಡಿನಲ್ಲಿ ತಾಳಿದ ರೂಪ. ವ್ಯಾಕರಣ ಕಲಿತವರಿಗೆ ಮಾಟವೂ ಗೊತ್ತು ಎಂಬ ನಂಬಿಕೆಯಿಂದ ಮೋಡಿ ಎಂಬ ಅರ್ಥ ಬಂತು, ಆಮೇಲೆ ಸಿನಿಮಾ ತಾರೆಯರಿಗೆ ಅಂಟಿಕೊಂಡಿತು.

ಓದುವಾಗ ‘ರ’, ಬರೆಯುವಾಗ ಮುಂದೊಂದು ಡಬ್ಲ್ಯು. ಯಾವ ಪದಕ್ಕೆ ಡಬ್ಲ್ಯು ಬರುತ್ತದೆಂದು ತಿಳಿಯುವುದು ಹೇಗೆ?
– ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಗದಗ

ಅರ್ಥದಲ್ಲಿ ತಿರುಚುವಿಕೆ ಇದೆಯೇ ನೋಡಿ. ಬಟ್ಟೆ ಹಿಂಡುವ ರಿಂಗ್, ತಿರುಗುವ ಮಣಿಕಟ್ಟು ರಿಸ್ಟ್, ಪ್ಲಂಬರ್ ಕೈಯ ರೆಂಚ್, ಕುಸ್ತಿಯ ರೆಸಲ್, ಸುಕ್ಕಿನ ರಿಂಕಲ್, ಪುಷ್ಪಚಕ್ರದ ರೀತ್, ನೋವಿನಿಂದ ಹೊರಳಾಡುವ ರೈದ್, ಸೊಟ್ಟ ನಗೆಯ ರೈ – ಎಲ್ಲಕ್ಕೂ ಡಬ್ಲ್ಯು. ರಾಂಗ್ ಕೂಡ ಇದೇ ಬಳಗ. ಅದರ ಮೂಲಾರ್ಥ ‘ಸೊಟ್ಟ’. ಬೆರಳಿಗೆ ಹಾಕುವ ರಿಂಗ್, ವಿಶ್ರಾಂತಿಯ ರೆಸ್ಟ್, ಬಾಗಿಲು ತಟ್ಟುವ ರ್‍ಯಾಪ್ – ಇವುಗಳಲ್ಲಿ ತಿರುಚುವಿಕೆ ಇಲ್ಲ, ಡಬ್ಲ್ಯುವೂ ಇಲ್ಲ. ಕಿತ್ತುಕೊಳ್ಳುವ ರೆಸ್ಟ್‌ಗೆ, ಸುತ್ತುವ ರ್‍ಯಾಪ್‌ಗೆ ಇದೆ.

ಈ ಸೂತ್ರ ಕೈಕೊಡುವ ಜಾಗಗಳನ್ನು ಬೇರೆಯಾಗಿಯೇ ಕಲಿಯಬೇಕು. ಬರೆಯುವ ರೈಟ್‌ನ ಮೂಲಾರ್ಥ ಗೀರು, ಕೊರೆ. ತಿರುಚುವಿಕೆ ಇಲ್ಲದಿದ್ದರೂ ಡಬ್ಲ್ಯು ಇದೆ. ನಾಟಕಕಾರ ‘ಪ್ಲೇರೈಟ್’ನಲ್ಲಿರುವುದು ಬರೆಯುವ ರೈಟ್ ಅಲ್ಲ, ‘ತಯಾರಿಸುವವನು’ ಎಂಬ ಅರ್ಥದ, ಜಿ-ಎಚ್-ಟಿಯಿಂದ ಮುಗಿಯುವ ಇನ್ನೊಂದು ರೈಟ್. ಅಜಾಗರೂಕ ಎಂಬರ್ಥದ ‘ರೆಕ್‌ಲೆಸ್’ಗೆ ಡಬ್ಲ್ಯು ಹಾಕುವವರು ಬಹಳ. ಹಾಕಿದರೆ ‘ಅಪಘಾತವೇ ಇಲ್ಲದ’ ಎಂದಾಗಿ ಅರ್ಥ ತಿರುವುಮುರುವಾಗುತ್ತದೆ.

ಸ್ನೀಜ್, ಸ್ನೋರ್, ಸ್ನಿಫ್ – ಇವೂ ಒಂದು ಗುಂಪೇ?
– ಓದುಗರು, ಉಡುಪಿ

ಹೌದು, ಮೂಗಿನ ಗುಂಪು. ಸೀನು, ಗೊರಕೆ, ಮೂಸುವುದು ಇಲ್ಲೇ ಬಂದವು. ನಶ್ಯಕ್ಕೆ ಸ್ನಫ್, ಹಂದಿಯ ಮೂತಿಗೆ ಸ್ನೌಟ್, ಕುದುರೆಯಂತೆ ಮೂಗಿನಿಂದ ಸದ್ದು ಮಾಡುವುದಕ್ಕೆ ಸ್ನಾರ್ಟ್, ಮೂಗು ಮುರಿದು ಹೀಯಾಳಿಸುವುದಕ್ಕೆ ಸ್ನಿಯರ್. ಸೀನಿನ ಪದ ಹಿಂದೆ ಎಸ್‌ನಿಂದಲ್ಲ, ಎಫ್-ಎನ್‌ನಿಂದ ಶುರುವಾಗುತ್ತಿತ್ತು. ಆ ಜೋಡಿ ಭಾಷೆಯಲ್ಲಿ ಅಳಿದಾಗ ಪದ ಈ ಗುಂಪಿಗೆ ಬಂದು ಸೇರಿತು. ಹಾವು, ಬಸವನಹುಳು, ಹಿಮ ಎಸ್-ಎನ್‌ನಿಂದಲೇ ಶುರುವಾದರೂ ಹೊರಗಿನವು.

ಇಂಥ ಗುಂಪುಗಳ ಪಟ್ಟಿ ಮಾಡಿ ದಿನಕ್ಕೊಂದು ಗುಂಪು ಉರುಹೊಡೆಯಬಹುದೇ?
– ಅಭ್ಯರ್ಥಿ, ಕಲಬುರಗಿ

ಬೇಡ. ಒಂದೇ ರೀತಿ ಕಾಣುವ, ಅರ್ಥವೂ ಹತ್ತಿರವಿರುವ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟುತ್ತದೆ. ಗ್ಲಿಮರ್, ಗ್ಲೀಮ್ ಎರಡನ್ನೂ ಸೋಮವಾರ ಕಲಿತವರು ಗುರುವಾರ ಅದಲುಬದಲು ಮಾಡುವುದು ಇದಕ್ಕೇ. ಗುಂಪು ಇರುವುದು ಕಲಿತದ್ದನ್ನು ಜೋಡಿಸಿಡಲು.

ದಿನಕ್ಕೆ ಐದಾರು ಪದ ಸಾಕು. ಗ್ಲೋ, ರಿಂಗ್, ಸ್ನೋರ್ ಹೀಗೆ ಬೇರೆ ಬೇರೆ ಗುಂಪಿನವು ಇರಲಿ. ಪ್ರತಿ ಪದದ ಎದುರು ಕನ್ನಡ ಅರ್ಥಕ್ಕಿಂತ ಮೊದಲು ಒಂದು ವಸ್ತು ಬರೆಯಿರಿ: ಗ್ಲೋ – ಕೆಂಡ, ಗ್ಲಿಸನ್ – ಬೆವರು. ಮಾರನೆಯ ದಿನ, ನಾಲ್ಕನೆಯ ದಿನ, ವಾರದ ನಂತರ ವಸ್ತುವನ್ನು ಮಾತ್ರ ನೋಡಿ ಪದ ಹೇಳಿ. ಒಂದೇ ಗುಂಪಿನ ಎರಡನೆಯ ಪದಕ್ಕೆ ಕೈಹಾಕುವುದು ಮೊದಲನೆಯದು ತಡವರಿಸದೆ ಬಂದ ಮೇಲೆ. ಗುಂಪಿನ ಮೂರ್ನಾಲ್ಕು ಪದ ಹೀಗೆ ಗಟ್ಟಿಯಾದಾಗ ಪುಸ್ತಕದ ಎಡಪುಟದಲ್ಲಿ ಅವನ್ನು ಒಟ್ಟಿಗೆ ಬರೆಯಿರಿ, ಬಲಪುಟ ಹೊರಗಿನವುಗಳಿಗೆ.

ಗೊತ್ತಿಲ್ಲದ ಪದವನ್ನು ಗುಂಪಿನ ಮೇಲೆ ಊಹಿಸುವುದು ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಆಗಲೇ ತಳ್ಳಿಹಾಕಿ, ಉಳಿದೆರಡರ ನಡುವೆ ತೂಗಾಡುವಾಗ ಮಾತ್ರ. ಗ್ಲೋಮಿಂಗ್ ಬಂದರೆ ಬೆಳಕಿನ ಊಹೆ ಫಲಿಸುತ್ತದೆ, ಅದು ಮುಸ್ಸಂಜೆ. ಆದರೆ ಗ್ಲಮ್ ಎಂದರೆ ಜೋಲುಮೋರೆ, ಗ್ಲಿಬ್ ಎಂದರೆ ಹುರುಳಿಲ್ಲದ ನಯವಾದ ಮಾತು. ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪರೀಕ್ಷೆಯಾದರೆ, ಯಾವ ಆಯ್ಕೆಯನ್ನೂ ತಳ್ಳಿಹಾಕಲಾಗದಿದ್ದಾಗ ಗುಂಪನ್ನಷ್ಟೇ ನಂಬಿ ಊಹಿಸಬೇಡಿ.