ಹಳೆ ಸರ್ಕಾರಿ ಹೈಸ್ಕೂಲಿನ ಚರಿತ್ರೆ ಬರೆಯಲು ಎಲ್ಲಿಂದ ಶುರು ಮಾಡಬೇಕು?

ಬೆಂಗಳೂರಿನ ನಿಮ್ಮ ಸರ್ಕಾರಿ ಹೈಸ್ಕೂಲಿಗೆ ನೂರು ತುಂಬುತ್ತಿದೆ. ವಾಟ್ಸಾಪ್ ಗುಂಪಿನಲ್ಲಿ ನೆನಪುಗಳನ್ನು ಬರೆಸಿ ಸ್ಮರಣ ಸಂಚಿಕೆ ತರುತ್ತೀರಿ, ಹರಿದ ಅಡ್ಮಿಷನ್ ರಿಜಿಸ್ಟರ್‌ಗಳನ್ನು ಈ ನೆಪದಲ್ಲಿ ಬೈಂಡಿಂಗಿಗೆ ಕೊಡೋಣವೇ ಅಂತ ಕೇಳಿದ್ದೀರಿ. ಕೊಡಬೇಡಿ. ನಾವು ಕೊಟ್ಟೆವು.

ಪೇಟೆ ಕಡೆಯ ಶಾಲೆ ನಮ್ಮದು. ನಾಲ್ಕು ಹಳೆ ವಹಿಗಳಿದ್ದವು. ದಾರ ಸಡಿಲವಾಗಿತ್ತು, ಅಂಚು ನುಚ್ಚಾಗುತ್ತಿತ್ತು. ಮೊದಲು ಬೈಂಡ್ ಮಾಡಿಸೋಣ, ಗಟ್ಟಿಯಾದ ಮೇಲೆ ಫೋಟೊ ತೆಗೆಯುವುದು ಸುಲಭ ಅಂದುಕೊಂಡೆವು. ತಪ್ಪಿದ್ದು ಇಷ್ಟೇ, ಮೊದಲು ಆಗಬೇಕಾದ ಕೆಲಸವನ್ನು ಆಮೇಲಕ್ಕೆ ಇಟ್ಟೆವು. ಬೈಂಡಿಂಗ್ ಅಂಗಡಿಯವರು ಲೆಕ್ಕದ ಪುಸ್ತಕಕ್ಕೆ ಮಾಡುವುದನ್ನೇ ಇದಕ್ಕೂ ಮಾಡಿದರು. ಬೆನ್ನಿನ ಹೊಲಿಗೆ ಬಿಚ್ಚಿ, ಪಕ್ಕದಿಂದ ಹೊಲಿದು, ರಟ್ಟು ಹಾಕುವ ಮುಂಚೆ ಮೂರು ಕಡೆ ಕಟಿಂಗ್ ಮಷೀನಿಗೆ ಕೊಟ್ಟು ಅಂಚು ನೇರ ಮಾಡಿದರು. ಹೋಗಿದ್ದು ಸುಮಾರು ಅರ್ಧ ಇಂಚು. ಅವರದು ತಪ್ಪಲ್ಲ. ಕಟಿಂಗ್ ಬೇಡ ಅಂತ ಹೇಳಬೇಕು ಅನ್ನುವುದೇ ನಮಗೆ ಗೊತ್ತಿರಲಿಲ್ಲ.

ಅರ್ಧ ಇಂಚಿನಲ್ಲಿ ಏನಿತ್ತು ಅಂತ ತಿಳಿಯಲು ರಿಜಿಸ್ಟರ್ ಹೇಗಿರುತ್ತದೆ ನೋಡಿ. ಒಬ್ಬ ವಿದ್ಯಾರ್ಥಿಯ ಸಾಲು ಎರಡು ಪುಟದ ಮೇಲೆ ಹರಡಿರುತ್ತದೆ. ನಮ್ಮ ವಹಿಗಳಲ್ಲಿ ಎಡಪುಟದಲ್ಲಿ ಕ್ರಮಸಂಖ್ಯೆ, ಹೆಸರು, ತಂದೆಯ ಹೆಸರು ಮತ್ತು ಉದ್ಯೋಗ, ಜಾತಿ, ಮಾತೃಭಾಷೆ, ಅಂಕಿಯಲ್ಲೂ ಅಕ್ಷರದಲ್ಲೂ ಜನ್ಮದಿನಾಂಕ, ಹಿಂದೆ ಓದಿದ ಶಾಲೆ. ಬಲಪುಟದಲ್ಲಿ ಸೇರಿದ ತರಗತಿ, ಬಿಟ್ಟ ದಿನಾಂಕ, ಟಿ.ಸಿ. ನಂಬರು, ಕಟ್ಟಕಡೆಗೆ ಷರಾ. ಹಳೆಯ ವಹಿಗಳಲ್ಲಿ ಅದಕ್ಕೆ ಇಂಗ್ಲಿಷಿನಲ್ಲಿ ರಿಮಾರ್ಕ್ಸ್ ಅಂತ ಇತ್ತು. ಷರಾ ಕಲಂ ಎಲ್ಲಕ್ಕಿಂತ ಕಿರಿದು, ಆದ್ದರಿಂದ ಗುಮಾಸ್ತರು ಹಾಳೆಯ ತುದಿಯವರೆಗೂ, ಕೆಲವು ಕಡೆ ಅಡ್ಡಕ್ಕೂ ಬರೆದಿದ್ದರು. ಹೆಸರು, ಜಾತಿ, ಜನ್ಮದಿನಾಂಕ ತಿದ್ದುಪಡಿಯಾದರೆ ಆದೇಶದ ನಂಬರು ಮತ್ತು ತಾರೀಕು ಹೋಗುವುದು ಅಲ್ಲಿಗೇ. ಹುಡುಗ ಶಾಲೆ ಯಾಕೆ ಬಿಟ್ಟ ಎಂಬುದೂ ಅಲ್ಲೇ: ಮಿಲ್ಲಿಗೆ ಸೇರಿದ, ತಂದೆಗೆ ವರ್ಗ, ಫೀಸು ಕಟ್ಟಿಲ್ಲ, ಊರಿಗೆ ಹೋದ. ಕಟಿಂಗ್ ತಿಂದದ್ದು ಆ ತುದಿಯನ್ನು. ಪಕ್ಕದ ಹೊಲಿಗೆ ಒಳಗಿನಿಂದ ಇನ್ನಷ್ಟು ನುಂಗಿತು, ಎಡಪುಟದ ಕೊನೆಯ ಕಲಂ ಆದ ಹಿಂದಿನ ಶಾಲೆಯ ಹೆಸರು ಬೆನ್ನಿನ ಸಂದಿಗೆ ಸೇರಿಹೋಯಿತು. ನಮಗೆ ಅರಿವಾಗಿದ್ದು ಹನ್ನೊಂದು ದಿನದ ಮೇಲೆ. ಅಷ್ಟರಲ್ಲಿ ಕತ್ತರಿಸಿದ ಚೂರುಗಳು ರದ್ದಿಗೆ ಹೋಗಿದ್ದವು.

ಇದು ಬರೀ ಹಳೆ ಕಾಗದದ ಮಾತಲ್ಲ. ಅಡ್ಮಿಷನ್ ರಿಜಿಸ್ಟರ್ ಶಾಲೆಯ ಶಾಶ್ವತ ದಾಖಲೆ. ಜಾತಿ ಪ್ರಮಾಣಪತ್ರಕ್ಕೆ, ಜನ್ಮದಿನಾಂಕದ ತಕರಾರಿಗೆ ಜನ ಇಂದಿಗೂ ಅದರ ದೃಢೀಕೃತ ನಕಲು ಕೇಳಿಕೊಂಡು ಬರುತ್ತಾರೆ. ಬೈಂಡಿಂಗ್ ಆದ ಮರುವರ್ಷ ಅಜ್ಜನ ದಾಖಲೆ ಹುಡುಕಿ ಮೊಮ್ಮಗಳೊಬ್ಬಳು ಬಂದಳು. ಜಾತಿ ಕಲಂನಲ್ಲಿ ಕೆಂಪು ಶಾಯಿಯ ತಿದ್ದುಪಡಿ ಇತ್ತು. ಷರಾದಲ್ಲಿ ಆದೇಶದ ನಂಬರಿನ ಮೊದಲ ಮೂರು ಅಂಕಿ ಉಳಿದಿದ್ದವು, ಮಿಕ್ಕದ್ದು ಇಲ್ಲ. ಆದೇಶವಿಲ್ಲದ ತಿದ್ದುಪಡಿಗೆ ಮುಖ್ಯ ಶಿಕ್ಷಕರು ಹೇಗೆ ಸಹಿ ಹಾಕುತ್ತಾರೆ? ಶಿಕ್ಷಣ ಇಲಾಖೆಯ ಬಿಇಒ (ತಾಲ್ಲೂಕು ಮಟ್ಟದ) ಕಚೇರಿಗೂ ಡಿಡಿಪಿಐ (ಜಿಲ್ಲಾ ಮಟ್ಟದ) ಕಚೇರಿಗೂ ಓಡಾಡಿದೆವು. ಪ್ರತಿ ಸಿಗಲಿಲ್ಲ.

ಆದ್ದರಿಂದ ಮೊದಲು ಫೋಟೊ. ಮುಖ್ಯ ಶಿಕ್ಷಕರಿಗೆ ಬರಹದಲ್ಲಿ ಮನವಿ ಕೊಡಿ, ಅದರಲ್ಲಿ ವಹಿ ಶಾಲೆಯ ಆವರಣ ದಾಟುವುದಿಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲೂ ಅದು ದಾಖಲಾಗಲಿ. ಇಬ್ಬರು ಸಾಕು, ಒಬ್ಬರು ಹಾಳೆ ತಿರುವಲಿ, ಇನ್ನೊಬ್ಬರು ಮೊಬೈಲಿನಲ್ಲಿ ತೆಗೆಯಲಿ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಮೇಜು ಹಾಕಿ, ಫ್ಲ್ಯಾಶ್ ಬೇಡ. ವಹಿಯನ್ನು ಪೂರ್ತಿ ಅಗಲಿಸಿ ಒತ್ತಬೇಡಿ. ಎರಡೂ ಬದಿಯ ರಟ್ಟಿನ ಕೆಳಗೆ ಮಡಿಸಿದ ಟವೆಲ್ ಇಟ್ಟು ಪ್ರತಿ ಪುಟವನ್ನು ಬೇರೆಬೇರೆಯಾಗಿ ತೆಗೆಯಿರಿ. ಹಾಳೆಯ ಹೊರಗಿನ ಮೂರೂ ಅಂಚು, ಅದರ ಆಚೆ ಕೆಳಗೆ ಹಾಸಿದ ಕಪ್ಪು ಬಟ್ಟೆ, ಒಳಗೆ ಬೆನ್ನಿನ ಸಂದಿಯವರೆಗೂ ಕಾಣಬೇಕು, ಆಗ ತುದಿ ತಪ್ಪಿಲ್ಲ ಅನ್ನುವುದು ಖಾತ್ರಿ. ಖಾಲಿ ಪುಟವನ್ನೂ ಬಿಡಬೇಡಿ, ಬಿಟ್ಟರೆ ಮುಂದೆ ಯಾರಾದರೂ ಪುಟ ಕಳೆದಿದೆ ಅನ್ನುತ್ತಾರೆ. ಫೈಲಿಗೆ ವಹಿ ನಂಬರು, ಪುಟದ ನಂಬರು ಹಾಕಿ ಅದೇ ದಿನ ಎರಡು ಹಾರ್ಡ್ ಡಿಸ್ಕಿಗೆ ಇಳಿಸಿ, ಒಂದು ಶಾಲೆಯ ಬೀರುವಿನಲ್ಲಿರಲಿ.

ಧೂಳಿಗೆ ಮೆತ್ತನೆ ಬ್ರಷ್ಷು, ಒದ್ದೆ ಬಟ್ಟೆ ಅಲ್ಲ. ಸೆಲ್ಲೋಟೇಪ್ ಹಚ್ಚಬೇಡಿ, ಹಳೆಯದಿದ್ದರೆ ಕೀಳಲೂ ಬೇಡಿ. ಲ್ಯಾಮಿನೇಷನ್ ಮಾತನ್ನಂತೂ ಎತ್ತಲೇಬೇಡಿ: ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಹಾಳೆಗೆ ಘಾಸಿಯಾಗದಂತೆ ಬಿಡಿಸಲು ಬರುವುದಿಲ್ಲ, ಹಳೆ ನೀಲಿ-ಕಪ್ಪು ಶಾಯಿಯಲ್ಲಿರುವ ಕಬ್ಬಿಣ ಮತ್ತು ಆಮ್ಲ ಒಳಗೊಳಗೇ ಕಾಗದ ತಿನ್ನುತ್ತಿರುತ್ತವೆ. ಬೈಂಡಿಂಗ್ ಅಂಟಿಗೆ ಹುಳ ಬರದಿರಲಿ ಅಂತ ಮೈಲುತುತ್ತ ಬೆರೆಸುವ ರೂಢಿಯಿದೆ. ಅದರ ತಾಮ್ರ ಕಾಗದವನ್ನು ಬೇಗ ಕಂದು ಮಾಡಿ ಪುಡಿಗಟ್ಟಿಸುತ್ತದೆ. ಸದ್ಯಕ್ಕೆ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಗಲ ಲಾಡಿಯಿಂದ ಕಟ್ಟಿ, ಗೋಡೆಗೂ ನೆಲಕ್ಕೂ ತಾಗದ ಕಬ್ಬಿಣದ ಬೀರುವಿನಲ್ಲಿ ಮಲಗಿಸಿಟ್ಟರೆ ಸಾಕು.

ಇನ್ನು ಸ್ಮರಣ ಸಂಚಿಕೆ. ನೆನಪುಗಳನ್ನು ಒಟ್ಟು ಮಾಡಿದರೆ ಶಾಲೆಯ ಚರಿತ್ರೆ ಆಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿರುವವರು ಎಸ್‌ಎಸ್‌ಎಲ್‌ಸಿ ದಾಟಿ ಬದುಕು ಕಟ್ಟಿಕೊಂಡವರು. ಎಂಟನೇ ತರಗತಿಯಲ್ಲೇ ಬಿಟ್ಟು ಮಗ್ಗಕ್ಕೋ ಗ್ಯಾರೇಜಿಗೋ ಹೋದವರು, ಮದುವೆಯಾಗಿ ಬಿಟ್ಟ ಹುಡುಗಿಯರು ಆ ಗುಂಪಿನಲ್ಲಿ ಇಲ್ಲ. ರಿಜಿಸ್ಟರಿನಲ್ಲಿ ಇದ್ದಾರೆ. ಗಣ್ಯ ಹಳೆ ವಿದ್ಯಾರ್ಥಿಗಳ ಫೋಟೊಗೆ ಇಟ್ಟ ಪುಟಗಳನ್ನು ಇವರಿಗೆ ಕೊಡಿ. ಐದೈದು ವರ್ಷಕ್ಕೊಮ್ಮೆ ಮೊದಲ ನೂರು ದಾಖಲಾತಿ ತೆಗೆದುಕೊಂಡು ತಂದೆಯ ಉದ್ಯೋಗ, ಮಾತೃಭಾಷೆ, ಬಿಟ್ಟ ತರಗತಿ ಎಣಿಸಿ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಟೆಲಿಫೋನ್ ಕಾರ್ಖಾನೆ ಐಟಿಐ, 1954ರಲ್ಲಿ ಬಿಇಎಲ್ ಬಂದ ಮೇಲೆ ಉದ್ಯೋಗದ ಕಲಂ ಬದಲಾಯಿತೇ? 1980-81ರ ಸಾರ್ವಜನಿಕ ಉದ್ದಿಮೆಗಳ ಮುಷ್ಕರದ ವರ್ಷ ಟಿ.ಸಿ. ಪಡೆದವರು ಹೆಚ್ಚಿದರೇ? ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವ ಎಷ್ಟು ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಓದಿದರು? ಬೀದಿಯ ಚರಿತ್ರೆ ಕಾಣುವುದು ಹೀಗೆ. ಅಚ್ಚು ಹಾಕುವಾಗ ಲೆಕ್ಕ ಮಾತ್ರ ಇರಲಿ, ಹೆಸರಿನ ಪಕ್ಕ ಜಾತಿ, ಜನ್ಮದಿನಾಂಕ ಯಾವತ್ತೂ ಬೇಡ.

1942ರ ಚಲೇಜಾವ್, ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬೇಕೆಂದು ನಡೆದ 1947ರ ಮೈಸೂರು ಚಲೋ ದಿನಗಳಲ್ಲಿ ಬೆಂಗಳೂರಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಬೀದಿಗೆ ಇಳಿದಿದ್ದರು. ನಿಮ್ಮ ಶಾಲೆಯವರೂ ಇದ್ದರು ಅಂತ ಬರೆಯುವ ಮುಂಚೆ ಆ ವರ್ಷಗಳ ಲಾಗ್ ಬುಕ್, ಇನ್‌ಸ್ಪೆಕ್ಷನ್ ವರದಿ ನೋಡಿ.

ಸ್ಥಾಪನೆಯ ವರ್ಷವನ್ನೂ ಶಾಲೆಯ ಬಾಗಿಲ ಕಮಾನಿನಿಂದ ನಕಲು ಮಾಡಬೇಡಿ. ಕಟ್ಟಡದ ವರ್ಷ ಒಂದು, ಮಿಡ್ಲ್ ಸ್ಕೂಲ್ ಶುರುವಾದದ್ದು ಇನ್ನೊಂದು, ಹೈಸ್ಕೂಲಿಗೆ ಏರಿದ್ದು ಮತ್ತೊಂದು. ಸೆಂಟ್ರಲ್ ಕಾಲೇಜು ಕೂಡ 1858ರಲ್ಲಿ ಹೈಸ್ಕೂಲಾಗಿಯೇ ಶುರುವಾದದ್ದು. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಕಡತ ಕೇಳಿ. ಶಾಲೆ ಆಗ ಬ್ರಿಟಿಷರ ಕೈಯಲ್ಲಿದ್ದ ದಂಡಿನ (ಕಂಟೋನ್ಮೆಂಟ್) ಕಡೆಯದಾದರೆ 1947ರ ಹಿಂದಿನ ಕಾಗದ ಬ್ರಿಟಿಷ್ ರೆಸಿಡೆನ್ಸಿಯ ಕಡತಗಳ ಜೊತೆ ಇರಬಹುದು, ಎರಡೂ ಕಡೆ ಹುಡುಕಿ.

ಗಾಜಿಗೆ ಅಂಟಿಕೊಂಡ ಗ್ರೂಪ್ ಫೋಟೊ ಇದ್ದರೆ ಕೀಳಬೇಡಿ, ಗಾಜಿನ ಮೇಲಿಂದಲೇ ತೆಗೆಯಿರಿ. ಅದನ್ನು ಹಿಡಿದುಕೊಂಡು ನಿವೃತ್ತ ಅಟೆಂಡರ್ ಮನೆಗೆ ಮೊದಲು ಹೋಗಿ, ಮೇಷ್ಟ್ರುಗಳ ಮನೆಗೆ ಆಮೇಲೆ. ಕೆಳಸಾಲಿನಲ್ಲಿ ಕೂತವರ ಹೆಸರು ಹೇಳುವುದು ಅಟೆಂಡರೇ.

ರಿಜಿಸ್ಟರ್ ಈಗಾಗಲೇ ಅಂಗಡಿ ಸೇರಿದ್ದರೆ ಈಗಲೇ ಫೋನ್ ಮಾಡಿ ಕಟಿಂಗ್ ನಿಲ್ಲಿಸಿ. ಆಗಿಹೋಗಿದ್ದರೆ ಚೂರುಗಳನ್ನು ಒಂದೂ ಬಿಡದೆ ಚೀಲಕ್ಕೆ ತುಂಬಿಸಿಕೊಂಡು ಬನ್ನಿ. ಹಾಳೆಯ ಅಂಚಿಗೆ ಹೊಂದಿಸಿ ಫೋಟೊ ತೆಗೆದರೆ ಷರಾ ಇನ್ನೂ ಓದಲು ಬರುತ್ತದೆ.