9 ಹೊಡೆದರೂ ಸಾಯದ ಪ್ರೋಗ್ರಾಂ

ಪ್ರಶ್ನೆ: ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಹಳೇ ಕಂಪ್ಯೂಟರ್, ವಿಂಡೋಸ್ ಬದಲು ಉಬುಂಟು ಇದೆ. ಪೆನ್‌ಡ್ರೈವ್‌ನಲ್ಲಿರುವ ಚೀಲದ ಲೆಕ್ಕ ತೆರೆದರೆ ಲಿಬ್ರೆಆಫೀಸ್ ಆಗಾಗ ಹ್ಯಾಂಗ್ ಆಗುತ್ತದೆ. ಗೆಳೆಯ ಹೇಳಿಕೊಟ್ಟ ಅಂತ ಟರ್ಮಿನಲ್‌ನಲ್ಲಿ 'ಕಿಲ್ -9' (kill -9) ಹೊಡೆಯುತ್ತೇನೆ. ಮೊನ್ನೆ ಹಾಗೆ ಮಾಡಿ ಎರಡು ಲೋಡಿನ ಹಮಾಲಿ ಲೆಕ್ಕ ಹೋಯಿತು. ನಿನ್ನೆಯಂತೂ 9 ಹೊಡೆದರೂ ಅದು ಸಾಯಲೇ ಇಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಗೆಳೆಯರು ಕೊನೇ ಏಟನ್ನೇ ಮೊದಲು ಕಲಿಸಿಬಿಟ್ಟಿದ್ದಾರೆ!

ಹೆಸರು ಕಿಲ್ ಅಂತಿದ್ದರೂ ಅದು ಮಾಡುವುದು ಪ್ರೋಗ್ರಾಂಗೆ ಸಿಗ್ನಲ್ ಕಳಿಸುವ ಕೆಲಸ, ಅಷ್ಟೇ. ಸಿಗ್ನಲ್ ನಂಬರ್ ಹಾಕದೆ ಬರೀ ಕಿಲ್ ಅಂದರೆ 15ನೇ ಸಿಗ್ನಲ್ ಹೋಗುತ್ತದೆ. 'ಹೊತ್ತಾಯ್ತು, ಲೆಕ್ಕ ಮುಗಿಸಿ ಏಳಪ್ಪಾ' ಅಂದ ಹಾಗೆ ಅದು. ಪ್ರೋಗ್ರಾಂಗೆ ಕೇಳುವಷ್ಟು ಜೀವ ಇದ್ದರೆ ಎಲ್ಲ ಎತ್ತಿಟ್ಟು ಹೊರಡುತ್ತದೆ. 9 ಹಾಗಲ್ಲ. ಅದು ಪ್ರೋಗ್ರಾಂ ಕಿವಿಗೆ ಬೀಳುವುದೇ ಇಲ್ಲ, ಕರ್ನಲ್ಲೇ (ಎಲ್ಲ ಪ್ರೋಗ್ರಾಂಗಳನ್ನೂ ನಡೆಸುವ ಉಬುಂಟುವಿನ ತಿರುಳು) ಪ್ರೋಗ್ರಾಂ ಕಥೆ ಮುಗಿಸಿಬಿಡುತ್ತದೆ. ಆಮೇಲೆ ಫೈಲ್ ತೆರೆದಾಗ 'ಲಾಕ್ ಆಗಿದೆ' ಅಂತ ಬಂದಿರಬೇಕಲ್ವಾ? ಅಳಿಸಲು ಪುರುಸೊತ್ತಿಲ್ಲದೆ ಉಳಿದ, 'ಈ ಫೈಲ್ ಬಳಕೆಯಲ್ಲಿದೆ' ಅನ್ನುವ ಗುರುತಿನ ಲಾಕ್ ಫೈಲ್ ಅದು.

ಇನ್ನು ಮುಂದೆ ಹೀಗೆ ಮಾಡಿ. ಮೌಸ್ ಕೂಡ ಅಲ್ಲಾಡದಿದ್ದರೆ ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ ಲಾಗಿನ್ ಆಗಿ. 'ಪಿಎಸ್ ಎಎಕ್ಸ್' (ps ax) ಹೊಡೆಯಿರಿ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಬರುತ್ತದೆ. ಪಟ್ಟಿಯಲ್ಲಿ ಲಿಬ್ರೆಆಫೀಸ್ ಅಂತ ಹುಡುಕಬೇಡಿ, 'ಎಸ್‌ಆಫೀಸ್.ಬಿನ್' (soffice.bin) ಅಂತ ಇರುವ ಸಾಲು ನೋಡಿ. ಮೊದಲ ಕಾಲಂನಲ್ಲಿರುವುದು ಪಿಐಡಿ, ಅಂದರೆ ಆ ಪ್ರೋಗ್ರಾಂನ ನಂಬರ್. ಅದು 4312 ಇದ್ದರೆ 'ಕಿಲ್ 4312' ಸಾಕು. ಹತ್ತು ಸೆಕೆಂಡ್ ಕಾಯಿರಿ, ಆಗಲಿಲ್ಲ ಅಂದರೆ ಮಾತ್ರ 'ಕಿಲ್ -9 4312'.

ಈಗ ನಿನ್ನೆಯ ಕಥೆ. ಅದೇ ಸಾಲಿನ ಮೂರನೇ ಕಾಲಂ, ಸ್ಟ್ಯಾಟ್ (STAT) ಅನ್ನೋದು, ಅಲ್ಲಿ 'ಡಿ' (D) ಇತ್ತಾ ನೋಡಬೇಕಿತ್ತು. ಡಿ ಅಂದರೆ ಪ್ರೋಗ್ರಾಂ ಕರ್ನಲ್ ಒಳಗೆ, ಸಾಮಾನ್ಯವಾಗಿ ಯಾವುದೋ ಡಿಸ್ಕ್‌ನ ಉತ್ತರಕ್ಕೆ ಕಾಯುತ್ತಾ ಕೂತಿದೆ ಅಂತ. ಆ ಉತ್ತರ ಬರುವ ತನಕ ನೀವು ಕಳಿಸಿದ 9 ಬಾಗಿಲಲ್ಲೇ ನಿಂತಿರುತ್ತದೆ, ನೂರು ಸಲ ಹೊಡೆದರೂ ಅಷ್ಟೇ. ನನಗೆ ಅನುಮಾನ ನಿಮ್ಮ ಪೆನ್‌ಡ್ರೈವ್ ಮೇಲೆ. ಐದು ನಿಮಿಷ ನೋಡಿ ಅದನ್ನು ಕಿತ್ತರೆ ಎಷ್ಟೋ ಸಲ ಎರರ್ ಬಂದು ಪ್ರೋಗ್ರಾಂ ಸಾಯುತ್ತದೆ. ಸಾಯದಿದ್ದರೆ ರೀಸ್ಟಾರ್ಟ್ ಒಂದೇ ದಾರಿ.

ಫೈಲನ್ನು ಕಂಪ್ಯೂಟರ್‌ಗೇ ಕಾಪಿ ಮಾಡಿಕೊಂಡು ಬರೆಯಿರಿ, ಸಂಜೆ ಪೆನ್‌ಡ್ರೈವ್‌ಗೆ ಹಾಕಿ, ಇಜೆಕ್ಟ್ ಮಾಡಿ ತೆಗೆಯಿರಿ. ಲಿಬ್ರೆಆಫೀಸ್‌ನ ಟೂಲ್ಸ್ ಮೆನುವಿನ ಆಪ್ಷನ್ಸ್‌ನಲ್ಲಿ ಲೋಡ್/ಸೇವ್ ಒಳಗೆ ಆಟೋ ರಿಕವರಿ 10 ನಿಮಿಷಕ್ಕೆ ಇರುತ್ತದೆ, 2ಕ್ಕೆ ಇಳಿಸಿ.